ಅರ್ಧ ಹಾಕಿದ ಗಂಟು

ನವೆಂಬರ್ ೧೬, ಭಾನುವಾರ. ದೇರೆಬೈಲ್.

ಸಂಜೆ ಜೇಸನ್ ಹಿಮಾಚಲದಲ್ಲಿ ನಾವಿಬ್ಬರು ಬಂಡೆ ಹತ್ತಿದ ಫೋಟೋಗಳನ್ನು ತಂದಿದ್ದ. ಒಂದರಲ್ಲಿ ನಾನು ನೂರೈವತ್ತು ಅಡಿ ಮೇಲಿದ್ದೇನೆ. ದೊಡ್ಡದು ಮಾಡಿ ನೋಡಿದರೆ, ನನ್ನ ಸೊಂಟದ ಹಗ್ಗದ ಗಂಟು ಅರ್ಧಕ್ಕೇ ನಿಂತಿದೆ.

ಹತ್ತುವ ಮೊದಲು ಒಬ್ಬರ ಗಂಟನ್ನು ಇನ್ನೊಬ್ಬರು ಮುಟ್ಟಿ ನೋಡುವುದು ನಮ್ಮ ಕ್ರಮ. ಆ ಬೆಳಿಗ್ಗೆ ಹೊರಡಲು ತಡವಾಯಿತೆಂದು ಜಗಳವಾಡಿ ಮಾತು ಬಿಟ್ಟಿದ್ದೆವು, ನೋಡಲಿಲ್ಲ. ಬಂಡೆಯ ತುದಿ ತಲುಪಿ ಬಿಚ್ಚಲು ಹೋದಾಗ ಗಂಟು ಎಂದಿನಂತೆ ಬಿಗಿದುಕೊಂಡಿರದೆ ಸಲೀಸಾಗಿ ಬಿಚ್ಚಿಕೊಂಡಿತೆಂದು ನನಗೆ ಖುಷಿಯೇ ಆಗಿತ್ತು.

“ಒಮ್ಮೆ ಜಾರಿದ್ರೆ ಎಂತ ಆಗ್ತಿತ್ತು ಸಂಚಿತಾ?” ಎಂದ.

“ಬೀಳ್ತಿದ್ದೆ. ನೀನು ಆಗಲೂ ಮಾತಾಡ್ತಿರ್ಲಿಲ್ಲ.”

ಇಬ್ಬರಿಗೂ ನಗು ಬರಲಿಲ್ಲ.

ಚಹಾ ತಂದ ಅಮ್ಮ ಅದೇ ಫೋಟೋವನ್ನು ಬಗ್ಗಿ ನೋಡಿದರು. “ಇದು ಚಂದ ಉಂಟು ಮಾರಾಯ್ತಿ. ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕುವ.”

ನಾನು ಹೂಂ ಎಂದೆ.