ಬೆಟ್ಟ ಸಿಡಿದಾಗ ನಿಲ್ಲದ ತಮಟೆ

ಶಿಡ್ಲಘಟ್ಟ
೯ ಫೆಬ್ರವರಿ ೨೦೨೫

ಪ್ರೀತಿಯ ಅಣ್ಣಾ, ಜೈ ಭೀಮ್.

ಹೇಗಿದ್ದೀಯ? ಹಿಮಾಚಲದಲ್ಲಿ ಈ ಸಲ ಹಿಮ ಜಾಸ್ತಿ ಎಂದು ಟಿವಿಯಲ್ಲಿ ತೋರಿಸಿದರು. ಸುರಂಗದೊಳಗೆ ಬೆಚ್ಚಗಿರುತ್ತದೆ ಎಂದು ಕತೆ ಹೇಳಬೇಡ, ಉಣ್ಣೆಯ ಟೋಪಿ ಹಾಕಿಕೋ. ಅಮ್ಮನ ಮಂಡಿನೋವು ಹಾಗೇ ಇದೆ. ನಾಲಗೆಗೆ ಮಾತ್ರ ಯಾವ ನೋವೂ ಬಂದಿಲ್ಲ. ನಾನು ಕೆಂಚಾರ್ಲಹಳ್ಳಿಯ ಶಾಲೆಗೆ ಹೋಗಿ ಬಂದು ಮಾಡುತ್ತಾ, ಹೆಡ್‌ಮಾಸ್ಟರ ಜೊತೆ ಜಗಳವಾಡುತ್ತಾ ಆರೋಗ್ಯವಾಗಿದ್ದೇನೆ. ಫೋನಿರುವಾಗ ಈ ರೂಪ ಕಾಗದ ಯಾಕೆ ಬರೆದಳು ಎಂದು ಹುಬ್ಬು ಗಂಟಿಕ್ಕಬೇಡ. ಕಾರಣವಿದೆ.

ನಿಮ್ಮ ಕ್ಯಾಸೆಟ್ ಸಿಕ್ಕಿದೆ. ಹೌದು, ಗಿಟಾರಿಗೆ ತಮಟೆ ಕೂಡಿಸಿ ನೀವಿಬ್ಬರೂ ಮಾಡಿದ ಅದೇ. ಮೇಲೂರಿನ ನಿನ್ನ ಗೆಳೆಯ ಮೋಹನ್‌ಬಾಬುವಿನ ಮಗಳು ಹರಿತಾ, ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಪಾಠ ಮಾಡುವ ಹುಡುಗಿ, ತಾತನ ಕಾಲದ ಹುಳುಮನೆ ಕೆಡವಿಸುವಾಗ ಹಳೇ ಚಂದ್ರಿಕೆಗಳ ಹಿಂದೆ ಒಂದು ರಟ್ಟಿನ ಪೆಟ್ಟಿಗೆ ನೋಡಿದ್ದಾಳೆ. ರೇಷ್ಮೆಹುಳು ಗೂಡು ಕಟ್ಟುವ ಜಾಗದಲ್ಲಿ ಮೂವತ್ತು ವರ್ಷ ನಿಮ್ಮ ಹಾಡು ಮುದುಡಿಕೊಂಡು ಕೂತಿತ್ತು. ಕೇಳಿದ ಹುಡುಗಿ ಬೆರಗಾಗಿ ಇಂಟರ್‌ನೆಟ್ಟಿಗೆ ಹಾಕಿಬಿಟ್ಟಳು. ಈಗ ಜಪಾನಿನವರು, ಪೋಲೆಂಡಿನವರು ತಲೆದೂಗುತ್ತಿದ್ದಾರೆ. ಇದಕ್ಕೆ ಪ್ರೋಗ್ರೆಸಿವ್ ರಾಕ್ ಅನ್ನುತ್ತಾರಂತೆ. ನಾವು ಪ್ರಗತಿಪರರು ಮಾತ್ರ ಆಗ ಅದಕ್ಕೆ ಕಿವಿಗೊಡಲಿಲ್ಲ. ನಮ್ಮ ದಲಿತ ಸಂಘಟನೆಯ ಸಭೆಯಲ್ಲಿ ಗಂಗರಾಜು ಎದ್ದು, ‘ಗಿಟಾರು ಹಾಕಿದ್ರೆ ಅದು ನಮ್ ಜನದ ಹಾಡಾ?’ ಎಂದು ನಿನ್ನ ಬಾಯಿ ಮುಚ್ಚಿಸಿದ. ಬಸ್‌ಸ್ಟ್ಯಾಂಡಿನ ಕ್ಯಾಸೆಟ್ ಅಂಗಡಿಯ ಗಂಗುಲಪ್ಪ ಮೊದಲನೇ ಬದಿಯನ್ನು ಅರ್ಧ ಕೇಳಿ, ‘ಅದೆಲ್ಲ ಸರಿ ಕಣಪ್ಪ, ಹಾಡು ಯಾವಾಗ ಶುರುವಾಗ್ತದೆ?’ ಅಂದಿದ್ದ. ನೆನಪಾದರೆ ನಗು ಬರುತ್ತದೆ, ಹಿಂದೆಯೇ ಸಿಟ್ಟೂ ಬರುತ್ತದೆ.

ಆದರೆ ಜನ ಹೆಚ್ಚು ಕೇಳುತ್ತಿರುವುದು ಎರಡನೇ ಬದಿಯನ್ನು. ನಮ್ಮೂರ ಬೆಟ್ಟದ ಕ್ವಾರಿಯಲ್ಲಿ ಜಲ್ಲಿ ಹೊರುತ್ತಿದ್ದ ಅಮ್ಮ ಮತ್ತು ಅವಳ ಜೊತೆಯ ಹೆಂಗಸರು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹಾಡುತ್ತಿದ್ದ ಆ ಬೆಟ್ಟದ ಪದಗಳು. ನೀನು ತಮಟೆ ಹಿಡಿದು ಬಂಡೆಯ ಪಕ್ಕ ನಿಂತಿದ್ದೆ. ಮೋಹನ್‌ಬಾಬು ಟೇಪ್‌ರೆಕಾರ್ಡರನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಆಮೇಲೆ ಕ್ಯಾಸೆಟ್ಟು ಪ್ರೆಸ್ಸಿನಿಂದ ಬಂದಾಗ ಮೇಲುಹೊದಿಕೆಯಲ್ಲಿ ಏನಿತ್ತು? ‘ಮೋಹನ್‌ಬಾಬು ಮತ್ತು ಸಂಗಡಿಗರು.’ ಎರಡನೇ ಬದಿಗೆ ‘ಜಾನಪದ’. ಬೆವರು ಸುರಿಸಿ ಹಾಡಿದವರಿಗೆ ಹೆಸರಿಲ್ಲ, ಯಾರೂ ಹಾಡದೆ ಬೆಟ್ಟವೇ ಹಾಡಿತೆಂಬಂತೆ. ನೀನು ಯಾರ ಜೊತೆಯೂ ಜಗಳವಾಡಲಿಲ್ಲ. ತಮಟೆಯನ್ನು ಅಟ್ಟಕ್ಕೆಸೆದು, ಗೌರಿಬಿದನೂರಿನಲ್ಲಿ ರೈಲು ಹತ್ತಿ, ಬಂಡೆ ಕೊರೆಯುವ ಕೆಲಸ ಹುಡುಕಿಕೊಂಡು ಹೊರಟುಹೋದೆ. ಜಗಳವಾಡಿದ್ದರೆ ಚೆನ್ನಾಗಿತ್ತು, ನಾನಾದರೂ ನಿನ್ನ ಪಕ್ಕ ನಿಲ್ಲುತ್ತಿದ್ದೆ.

ಹೋದ ಭಾನುವಾರ ತಂದೆ ಮಗಳಿಬ್ಬರೂ ಮನೆಗೆ ಬಂದರು. ಮೋಹನ್‌ಬಾಬುವಿನ ತಲೆ ಪೂರ್ತಿ ಬೆಳ್ಳಗಾಗಿದೆ. ಹೊಸ್ತಿಲಾಚೆ ಹಿಂಜರಿದು ನಿಂತವನನ್ನು ನೋಡಿ ಅಮ್ಮ, ‘ಬಾರಪ್ಪ ಬಾಬು. ಅವಾಗ ನಿಮ್ಮೋರ ಕಣ್ತಪ್ಪಿಸಿ ಹಿತ್ಲಿಂದ ನುಗ್ತಿದ್ದೆ. ಮುಂಬಾಗ್ಲು ಎಲ್ಲೈತೆ ಅಂತ ಈಗ ಗೊತ್ತಾಯ್ತಾ?’ ಎಂದಳು. ಅವನು ಕೂತು ಎಲ್ಲ ಹೇಳಿದ. ಅವರಪ್ಪ ಚನ್ನಕೇಶವ ತಾನೇ ಪ್ರೆಸ್ಸಿಗೆ ಹೋಗಿ ನಮ್ಮ ಹೆಸರುಗಳನ್ನು ತೆಗೆಸಿದ್ದನಂತೆ. ‘ಗೊತ್ತಿದ್ದೂ ನಾನು ಸುಮ್ನಿದ್ದೆ ಅಶ್ವತ್ಥಮ್ಮ’ ಎಂದು ಅಮ್ಮನಿಗೆ ಹೇಳಿದ. ನಾನು ಬಿಡಲಿಲ್ಲ. ‘ಸುಮ್ಮನಿರೋದೂ ಒಂದು ಕೆಲಸಾನೇ ಕಣಪ್ಪ. ನಿಮ್ಮ ಮನೆಗಳಲ್ಲಿ ಅದನ್ನ ತಲೆಮಾರಿಂದ ಚೆನ್ನಾಗಿ ಮಾಡ್ಕೊಂಡ್ ಬಂದಿದ್ದೀರಿ’ ಎಂದೆ. ಆದರೂ ಅಣ್ಣಾ, ಇದ್ದದ್ದನ್ನು ಬರೆಯುತ್ತೇನೆ: ನೀನು ಹೋದ ಮೇಲೆ ಅವನೂ ಗಿಟಾರು ಮುಟ್ಟಿಲ್ಲವಂತೆ. ಪೋಲೆಂಡಿನ ಒಂದು ಸಣ್ಣ ಕಂಪನಿ ಇದನ್ನು ಕಪ್ಪು ತಟ್ಟೆಯ ರೆಕಾರ್ಡು ಮಾಡುತ್ತದಂತೆ. ನಿನ್ನ ಒಪ್ಪಿಗೆ ಬರುವ ತನಕ ಸಹಿ ಹಾಕುವುದಿಲ್ಲ ಎಂದು ಅವನು ಕೂತಿದ್ದಾನೆ.

ಹರಿತಾ ಎರಡನೇ ಬದಿ ಹಾಕಿದಳು. ಅಮ್ಮ ಕಣ್ಣು ಮುಚ್ಚಿಕೊಂಡು ಒಂದೊಂದೇ ದನಿಯನ್ನು ಗುರುತು ಹಿಡಿದಳು. ಇದು ಬಯ್ಯಮ್ಮ, ಹಾಡಲ್ಲಿ ಎಲ್ಲರಿಗಿಂತ ಮುಂದೆ ಓಡೋಳು. ಈ ಕೆಮ್ಮು ಮುನಿಯಕ್ಕಂದು, ಆ ದೂಳೇ ಅವಳನ್ನ ತಿಂದುಬಿಡ್ತು. ಹುಡುಗಿ ಬರೆದುಕೊಳ್ಳುತ್ತಾ ಹೋದಳು. ಅವರಲ್ಲಿ ಈಗ ಉಳಿದಿರುವವಳು ಅಮ್ಮ ಒಬ್ಬಳೇ. ‘ನಂದೊಂದೇ ಹೆಸ್ರು ಹಾಕಂಗಿದ್ರೆ ಬ್ಯಾಡ್ವೇ ಬ್ಯಾಡ. ಎಲ್ರುದೂ ಬರ್ಬೇಕು’ ಎಂದು ಕಡ್ಡಿ ಮುರಿದಂತೆ ಹೇಳಿದಳು.

ಅಷ್ಟರಲ್ಲಿ ಆ ಸದ್ದು ಬಂತು. ‘ಇದೇ ನೋಡಿ ಆಂಟಿ, ಎಲ್ಲರೂ ಹೊಗಳೋ ಡ್ರಮ್ಮು. ಇಂಥಾ ಪೆಟ್ಟು ಎಲ್ಲೂ ಕೇಳಿಲ್ಲ ಅಂತಾರೆ’ ಎಂದಳು ಹರಿತಾ. ಅಮ್ಮ ಕಣ್ಣು ಬಿಟ್ಟಳು. ‘ಡ್ರಮ್ಮಲ್ಲ ತಾಯಿ ಅದು, ಬೆಟ್ಟ. ಅವತ್ತು ಸೀಟಿ ಊದ್ದೇನೇ ಸಿಡಿಸ್ಬಿಟ್ರು ಮುಂಡೇವು.’ ಹುಡುಗಿಯ ಮುಖ ಕಪ್ಪಿಟ್ಟಿತು. ಟೇಪು ಓಡುತ್ತಲೇ ಇತ್ತು. ಚೂರುಗಲ್ಲು ಉದುರುವ ಸದ್ದು. ಹೆಂಗಸರ ದನಿ ಒಂದೂ ಇಲ್ಲ. ತಮಟೆ ಮಾತ್ರ ಒಂದೇ ಸಮ ಬಡಿಯುತ್ತಿದೆ. ಆಮೇಲೆ ಅಮ್ಮನ ದನಿ, ಹಿಂದೆಯೇ ಒಬ್ಬೊಬ್ಬರದೇ. ‘ದೂಳಲ್ಲಿ ಯಾರು ಸತ್ರು ಯಾರು ಉಳುದ್ರು ಒಂದೂ ಕಾಣ್ತಿರ್ಲಿಲ್ಲ. ನರಸಿಂಹ ಓಡೋಗ್ಲಿಲ್ಲ, ಬಡೀತಾನೇ ಇದ್ದ. ಆ ಸದ್ದು ಹಿಡ್ಕೊಂಡೇ ನಾವೆಲ್ಲ ಎದ್ದಿದ್ದು’ ಎಂದಳು ಅಮ್ಮ. ಕಿವಿಯಲ್ಲಿ ಗುಂಯ್ ಅನ್ನುತ್ತೆ ಎಂದು ಆವತ್ತು ನೀನು ಸಂಜೆಯೆಲ್ಲ ತಲೆ ಹಿಡಿದು ಕೂತಿದ್ದು ನನಗೆ ನೆನಪಾಯಿತು. ನಾನು ಹರಿತಾಗೆ ಹೇಳಿ ಬರೆಸಿದೆ: ಹಾಡಿದವರ ಹೆಸರು ಹಾಕು, ಸಿಡಿಮದ್ದಿನ ಸದ್ದಿಗೆ ‘ಕ್ವಾರಿ ಮಾಲೀಕರ ಕೊಡುಗೆ’ ಎಂದು ಹಾಕು, ಅವರೂ ಕಲಾವಿದರೇ. ತಮಟೆಯ ಮುಂದೆ ಜಾಗ ಖಾಲಿ ಬಿಡಿಸಿದ್ದೇನೆ. ನೀನು ಹೇಳುವ ತನಕ ಅಲ್ಲಿ ಯಾರೂ ಏನೂ ತುಂಬುವುದಿಲ್ಲ.

ನಿನ್ನ ಜೊತೆ ಬೆಟ್ಟ ಕೊರೆಯುವ ಎಲ್ಲರಿಗೂ ನಮ್ಮ ಮನೆಯ ನಮಸ್ಕಾರ ತಿಳಿಸು. ನಿನ್ನ ತಲೆ ಮೇಲೆ ಒಂದು ಚೂರು ಕಲ್ಲೂ ಬೀಳದಿರಲಿ ಎನ್ನುವುದು ಅಮ್ಮನ ಹರಕೆ. ನಾನು ಹರಕೆ ನಂಬುವವಳಲ್ಲ, ಹೆಲ್ಮೆಟ್ ಹಾಕಿಕೋ.

ನಿನ್ನ ತಂಗಿ,
ರೂಪ

ಮರೆತೆ: ಮುಖ್ಯವಾದದ್ದು ಇದು. ಹೋದ ವಾರ ಫೋನಿನಲ್ಲಿ ಅಮ್ಮ ಬೇಕೆಂದೇ, ‘ಲೇ ನರಸಿಂಹ, ನಮ್ಮನೆ ಬಿದ್ದೋಯ್ತು ಕಣೋ’ ಎಂದಳು. ನೀನು, ‘ಒಳ್ಳೇದಾಯ್ತಮ್ಮ, ಹೊತ್ತಿಗೆ ಸರಿಯಾಗಿ ಊಟ ಮಾಡು’ ಎಂದೆ. ಅವಳು ಫೋನನ್ನು ನನ್ನ ಕೈಗಿಟ್ಟು, ‘ಇವ್ನಿಗೆ ಕೇಳ್ಸಲ್ಲ. ನಮ್ಮತ್ರ ಮುಚ್ಚಿಡ್ತಾವ್ನೆ. ಕಾಗ್ದ ಬರಿ’ ಎಂದಳು. ನಿನ್ನೆ ಅಟ್ಟದಿಂದ ತಮಟೆ ಇಳಿಸಿ, ಚರ್ಮ ಬಿಗಿಯಾಗಲೆಂದು ಹುಲ್ಲಿನ ಉರಿಗೆ ಕಾಯಿಸಿ, ಬಾಗಿಲ ಪಕ್ಕ ನಿಲ್ಲಿಸಿದ್ದಾಳೆ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ: ‘ಕಿವಿ ಹೋದ್ರೆ ಹೋಯ್ತು ಅನ್ನು. ತಮಟೇನ ಯಾವನಾದ್ರೂ ಕಿವೀಲಿ ಬಡೀತಾನಾ? ಕೈ ಎರ್ಡೂ ನೆಟ್ಗವೆ ತಾನೆ? ಎದ್ದು ಬಾ ಅನ್ನು.’