ಹಿಂದಿನ ಬೆಂಚಿನ ನಿದ್ದೆ

ಸೋಮವಾರ, ನವೆಂಬರ್ ೧೧

ಮುದ್ದು ತಂಗಿ,

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕುಳಿತ ಅಕ್ಕನನ್ನು ಬೈದುಕೊಂಡಿರುತ್ತೀ; ಬೈದುಕೋ. ಪೆನ್ನು ಹಿಡಿದರೆ ಸಾಕು, ಕಣ್ಣು ಎಳೆಯುತ್ತದೆ. ನಾವಿಲ್ಲಿ ಹೇಗೋ ಇದ್ದೇವೆ. ನಿನ್ನ ಮಗಳ ಹಲ್ಲುನೋವು ಇಳಿಯಿತೇ?

ಭಾನುವಾರವೆಲ್ಲ ಎಲ್ಲಿ ಅಲೆಯುತ್ತೀರಿ ಎಂದು ಕೇಳಿದ್ದೀ. ಹಳ್ಳಿಗಳ ಹಳೆಯ ಚರ್ಚುಗಳಿಗೆ ಹೋಗುತ್ತೇವೆ ಕಣೇ. ನಗಬೇಡ, ನಿನ್ನ ಭಾವನಿಗೆ ಭಕ್ತಿಯೇನೂ ಉಕ್ಕಿಲ್ಲ. ಇವರಿಗೆ ಮನೆಯಲ್ಲಿ ನಿದ್ದೆ ಹತ್ತುವುದು ನಿಂತು ಎರಡು ವರ್ಷವಾಯಿತು. ಯಾಕೆಂದು ನಿನಗೆ ಗೊತ್ತು. ಮಾತ್ರೆ ನುಂಗಿದ್ದಾಯಿತು, ಹಾಸಿಗೆ ಬದಲಾಯಿಸಿದ್ದಾಯಿತು. ಕಳೆದ ಬೇಸಿಗೆಯಲ್ಲಿ ಒಂದು ಹಳ್ಳಿಯ ಚರ್ಚಿನಲ್ಲಿ ಬೆಂಚಿನ ಕಾಲು ಸರಿಮಾಡಲು ಇವರನ್ನು ಕರೆದಿದ್ದರು. ಊಟದ ಡಬ್ಬಿ ಕೊಡಲು ಹೋದರೆ, ಉಳಿ ಸುತ್ತಿಗೆ ಪಕ್ಕಕ್ಕಿಟ್ಟು, ಆ ಬೆಂಚಿನ ಮೇಲೇ ಬಾಯಿ ತೆರೆದುಕೊಂಡು ಮಲಗಿದ್ದಾರೆ! ಎಬ್ಬಿಸಲು ಮನಸ್ಸು ಬರಲಿಲ್ಲ.

ಅಂದು ಹತ್ತಿದ ಚಟ ಇದು. "ಹಳೇ ಮರಗೆಲಸ ನೋಡ್ಬೇಕು" ಅನ್ನುವುದು ಇವರ ನೆಪ. ಎರಡು ಬಸ್ಸು ಬದಲಾಯಿಸಿ, ಕೆಸರು ತುಳಿದು ಹೋಗುತ್ತೇವೆ. ದಪ್ಪ ಕಲ್ಲಿನ ಗೋಡೆ, ಮೇಣದ ವಾಸನೆ, ಬೇಸಿಗೆಯಲ್ಲೂ ಬಿಡದ ತಂಪು. ಇವರು ಹಿಂದಿನ ಬೆಂಚಿಗೆ ಒರಗುತ್ತಾರೆ, ನಾನು ಕಾವಲು. ಒಂದೂರಿನಲ್ಲಿ ಚರ್ಚು ನೋಡಿಕೊಳ್ಳುವ ಮುದುಕ ಚಾವಣಿಯ ಚರಿತ್ರೆಯನ್ನೆಲ್ಲ ಇವರ ಗೊರಕೆಗೇ ಒಪ್ಪಿಸಿದ. ಹೂಂಗುಟ್ಟಿ ಹೂಂಗುಟ್ಟಿ ನನ್ನ ದವಡೆಗೆ ನೋವು ಬಂತು.

ನಿನ್ನೆ ಹೋದದ್ದು ಗುಡ್ಡದ ಮೇಲಿನ ಸಣ್ಣ ಚರ್ಚಿಗೆ. ಸಂಜೆ ಬೀಗದ ಕೈ ಹಿಡಿದು ಒಬ್ಬ ಹೆಂಗಸು ಬಂದಳು.

"ಬಾಗಿಲು ಹಾಕ್ಬೇಕಮ್ಮ, ಅವರನ್ನ ಎಬ್ಬಿಸಿ."

"ಇನ್ನೊಂಚೂರು ಹೊತ್ತು ಬಿಡಿ. ಇವರು ಮಲಗೋದೇ ಅಪರೂಪ."

ಅವಳು ಇವರನ್ನು ನೋಡಿದಳು, ಆಮೇಲೆ ನನ್ನನ್ನು. "ಅವರೇನೋ ಮಲಗಿದ್ದಾರೆ. ನೀವು ನಿದ್ದೆ ಮಾಡಿ ಎಷ್ಟು ದಿನ ಆಯ್ತು?"

ಇದನ್ನು ಯಾರೂ ಕೇಳಿರಲಿಲ್ಲ ಕಣೇ. ನೀನೂ ಕೇಳಿರಲಿಲ್ಲ. ಅವಳು ಪಕ್ಕಕ್ಕೆ ಬಂದು ಕುಳಿತು, "ಒರಗಿಕೊಳ್ಳಿ, ಬಸ್ಸಿನ ಹೊತ್ತಿಗೆ ನಾನೇ ಎಬ್ಬಿಸ್ತೀನಿ" ಎಂದಳು. ಗುರುತು ಪರಿಚಯವಿಲ್ಲದವಳ ಹೆಗಲಿಗೆ ತಲೆಯಿಟ್ಟೆ. ಕಣ್ಣು ಮುಚ್ಚಿದೆ, ಆದರೆ ನಿದ್ದೆ ಮಾಡಲಿಲ್ಲ. ಯಾಕೆಂದು ಅವಳಿಗೆ ಹೇಳಲಾಗಲಿಲ್ಲ.

ಮಕ್ಕಳ ತಲೆ ಸವರಿದ್ದೇನೆಂದು ತಿಳಿಸು. ನಿನ್ನ ಮನೆ ತಣ್ಣಗಿರಲಿ, ತಾಯಿ.

ನಿನ್ನ ದಣಿದ
ಅಕ್ಕ

ಮರೆತ ಮಾತು: ಮಗನನ್ನು ಮಣ್ಣು ಮಾಡಿ ಬಂದ ದಿನ ಇವರು "ಇನ್ಮೇಲೆ ಈ ಮನೇಲಿ ಅವನ ಹೆಸರು ಎತ್ಬೇಡಿ" ಅಂದದ್ದನ್ನು ನೀನೂ ಕೇಳಿದ್ದೀ. ನಾನು ಬಾಯಿ ಹೊಲಿದುಕೊಂಡೇ ಇದ್ದೇನೆ. ಆದರೆ ಆ ಬೆಂಚುಗಳ ಮೇಲೆ ನಿದ್ದೆಯಲ್ಲಿ ಇವರೇ ಅವನನ್ನು ಹೆಸರು ಹಿಡಿದು ಕರೆಯುತ್ತಾರೆ. "ಬಾರೋ, ಹಲಗೆ ಆ ಕಡೆ ಹಿಡ್ಕೋ" ಅನ್ನುತ್ತಾರೆ. ಎದ್ದ ಮೇಲೆ ನೆನಪಿರುವುದಿಲ್ಲ. ನಾನೂ ಹೇಳಿಲ್ಲ, ಹೇಳಿದರೆ ನಿದ್ದೆಯಲ್ಲೂ ಬಾಯಿ ಕಟ್ಟಿಕೊಂಡಾರು. ಅಷ್ಟು ದೂರ ಕಾಲೆಳೆದುಕೊಂಡು ಹೋಗುವುದು ಇವರ ನಿದ್ದೆಗಾಗಿ ಅಲ್ಲ ಕಣೇ. ಆ ಹೆಸರು ಕೇಳುವುದಕ್ಕೆ.