ಮಗು ಎತ್ತಿಕೊಳ್ಳುವ ಅಭ್ಯಾಸ

ಮಾರ್ಚ್ ೧೦, ಮಂಗಳವಾರ

ಪ್ರೀತಿಯ ಗುಬ್ಬೀ,

ಬೆನ್ನುನೋವಿನ ನೆಪ ಹೇಳಿ ಈ ಪತ್ರವನ್ನು ಮುಗಿಸಿಬಿಡುವವಳಿದ್ದೆ. ಇಂಗ್ಲಿಷಿನಲ್ಲಿ ಶುರುಮಾಡಿಯೂ ಇದ್ದೆ. ಶಾಲೆಯಲ್ಲಿ ಕಲಿತ ಆ ಭಾಷೆಯಲ್ಲಿ ನನಗೆ ಸುಳ್ಳು ಅಚ್ಚುಕಟ್ಟಾಗಿ ಬರುತ್ತದೆ. ಹರಿದು ಹಾಕಿದೆ. ನಿನ್ನ ಹೆರಿಗೆಗೆ ನಾನು ಬರುವುದಿಲ್ಲ.

ಸ್ಕಿಜೋಫ್ರೇನಿಯಾದ ಮಾತ್ರೆ ನುಂಗಿದರೆ ನಾನು ಕೊರಡಿನಂತೆ ಮಲಗುತ್ತೇನೆ, ನಿನಗೇ ಗೊತ್ತು. ಮಗು ಅತ್ತದ್ದು ಕೇಳಿಸದಿದ್ದರೆ? ಆ ಚಿಂತೆಗೆ, ಡಾಕ್ಟರನ್ನೂ ಕೇಳದೆ, ಅರ್ಧ ಮಾತ್ರೆಗೆ ಇಳಿದೆ. ಹೊಲಿಗೆ ಅಂಗಡಿಯಲ್ಲಿ ಊಟದ ಬಿಡುವಿನಲ್ಲಿ ಬಟ್ಟೆಯನ್ನು ಗಂಟಿನಂತೆ ಸುತ್ತಿ, ತೋಳಲ್ಲಿಟ್ಟುಕೊಂಡು ಓಡಾಡಿದೆ. ಕೈ ನಡುಗುತ್ತದಲ್ಲ, ಅದಕ್ಕೆ ಅಭ್ಯಾಸ. "ಏನ್ರೀ, ಮೊಮ್ಮಗೂನ ಇಲ್ಲೇ ಹೆತ್ತುಬಿಟ್ರಾ?" ಎಂದು ಅಂಗಡಿಯಾಕೆ ಕಿಚಾಯಿಸಿದರು. ನಾನೂ ನಕ್ಕೆ. ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ.

ಒತ್ತಡ ಏರಿದಾಗ ನಾನು ಕುರ್ಚಿಯನ್ನು ಗೋಡೆಗೆ ತಿರುಗಿಸಿಕೊಂಡು ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿಯುತ್ತೇನೆ. ಆಗ ಯಾರೂ ನನ್ನನ್ನು ಮಾತಾಡಿಸುವುದಿಲ್ಲ. ಅಂಗಡಿಯಲ್ಲಿ ಅದು ಒಪ್ಪಂದ. ಹತ್ತು ಕಾಜಾ ಆಗುವಷ್ಟರಲ್ಲಿ, ನನಗೊಬ್ಬಳಿಗೇ ಕೇಳಿಸುವ ಆ ದನಿಗಳು ಪಕ್ಕದ ಕೋಣೆಗೆ ಹೋಗುತ್ತವೆ, ಇಪ್ಪತ್ತಕ್ಕೆ ಬೀದಿಗೆ.

ಅರ್ಧ ಮಾತ್ರೆಯ ಹನ್ನೊಂದನೆಯ ದಿನ ನಲವತ್ತು ಕಾಜಾ ಆದರೂ ಅವು ಹೋಗಲಿಲ್ಲ. ಬಿಡುವಿನಲ್ಲಿ ಹಟಕ್ಕೆ ಬಿದ್ದು ಗಂಟನ್ನು ಎತ್ತಿಕೊಂಡೆ. ಅದು ಉಸಿರಾಡುತ್ತಿಲ್ಲ ಎಂದವು ದನಿಗಳು. ಬಟ್ಟೆ ಅಂತ ನನಗೆ ಗೊತ್ತಿತ್ತು, ಗುಬ್ಬೀ. ಗೊತ್ತಿದ್ದೂ, ಬೇಗ ಬಿಡಿಸಬೇಕೆಂದು ಕತ್ತರಿ ಹಾಕಿದೆ. ಗಿರಾಕಿಯ ಹೊಸ ಬಟ್ಟೆ ನಡುಮಧ್ಯೆ ಸೀಳಿಹೋಯಿತು. ಅಂಗಡಿಯಾಕೆ ನನ್ನ ಬೆರಳುಗಳಿಂದ ಕತ್ತರಿಯನ್ನು ಮೆಲ್ಲಗೆ ಬಿಡಿಸಿಕೊಂಡು, "ಬಿಡ್ರೀ, ಬಟ್ಟೆ ತಾನೇ" ಅಂದರು.

ಒಳ್ಳೆಯ ಮನಸ್ಸಿನಿಂದಲೇ ಅಂದರು. ಆ ಮಾತನ್ನು ನುಂಗಲೂ ಆಗುತ್ತಿಲ್ಲ, ಉಗುಳಲೂ ಆಗುತ್ತಿಲ್ಲ.

ಈಗ ಪೂರ್ತಿ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಡಾಕ್ಟರು ಬೈದರು, ಆಮೇಲೆ, ಜೊತೆಗೆ ಯಾರಾದರೂ ಇದ್ದರೆ ಧಾರಾಳವಾಗಿ ಹೋಗಬಹುದು ಎಂದೂ ಹೇಳಿದರು. ಅವರ ಮಾತೇ ಸರಿಯಿರಬಹುದು. ನನಗೆ ಹೆದರಿಕೆ ಕಾಯಿಲೆಯದೋ, ಇಲ್ಲ, ಮಗುವನ್ನು ನನ್ನ ಕೈಗೆ ಕೊಡುವ ಮುಂಚೆ ನೀನು ಒಂದು ಗಳಿಗೆ ತಡೆಯುವುದನ್ನು ನೋಡಬೇಕಾದೀತೆಂದೋ? ಎಷ್ಟು ಕೇಳಿಕೊಂಡರೂ ಗೊತ್ತಾಗುತ್ತಿಲ್ಲ.

ನಿನ್ನ
ಅಮ್ಮ

ಇನ್ನೊಂದು ಮಾತು: ಇಪ್ಪತ್ತೊಂದರ ಶನಿವಾರ ಅಳಿಯಂದಿರು ನನ್ನನ್ನು ಕರೆದೊಯ್ಯಲು ನಿಮ್ಮೂರ ನಿಲ್ದಾಣಕ್ಕೆ ಬಂದು ಒಬ್ಬರೇ ವಾಪಸಾಗುತ್ತಾರೆ. ಅಲ್ಲಿಯವರೆಗೆ ಫೋನಿನಲ್ಲಿ ಬರ್ತೀನಿ ಅಂತಲೇ ಹೇಳುತ್ತಿರುತ್ತೇನೆ. ಈಗಲೇ ತಿಳಿದರೆ ನೀನು "ಪರವಾಗಿಲ್ಲ, ಬಾಮ್ಮ" ಅನ್ನುತ್ತೀಯ. ಅಷ್ಟು ಕೇಳಿಸಿದರೆ ಸಾಕು, ನಾನು ರೈಲು ಹತ್ತಿಬಿಡುತ್ತೇನೆ. ಅದಕ್ಕೇ ಇದನ್ನು ಅಂಚೆಗೆ ಹಾಕುವುದು ಮಾರ್ಚ್ ೨೩, ಸೋಮವಾರ.